ಅತ್ತೆಯ ಪಾಲಿನ ಕೆನೆಹಾಲು

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಗಾದೆ ಕಟ್ಟಿದವರು ನಮ್ಮೂರಿನ ಹಾಲು ಕುಡಿದಿದ್ದರೋ ಏನೋ. ಹೋದ ಸೋಮವಾರ ಡಾಕ್ಟರಮ್ಮ ನನ್ನ ರಕ್ತದ ರಿಪೋರ್ಟು ಹಿಡಿದುಕೊಂಡು, ಕನ್ನಡಕ ಮೇಲೇರಿಸಿ, "ಮಂಗಳಮ್ಮ, ಕೆನೆಹಾಲು ಇವತ್ತಿಗೆ ನಿಲ್ಲಿಸಿಬಿಡಿ. ತಿಳಿಹಾಲು ಕುಡೀರಿ, ಅದೂ ದಿನಕ್ಕೆ ಒಂದೇ ಲೋಟ" ಅಂದರು. ನನಗೆ ಮೂವತ್ತು ವರ್ಷದ ಹಿಂದೆ ಇದೇ ಆಸ್ಪತ್ರೆಯ ಕುರ್ಚಿಯಲ್ಲಿ ಕೂತಿದ್ದ ನಮ್ಮತ್ತೆ ನಾಗಲಮ್ಮ ನೆನಪಾದರು. ಆಗ ನಾನು ಪಕ್ಕದಲ್ಲಿ ಅವರ ಚೀಲ ಹಿಡಿದುಕೊಂಡು ನಿಂತಿದ್ದೆ. ಮಾತು ಅದೇ, ಡಾಕ್ಟರು ಬೇರೆ, ಕುರ್ಚಿಗೆ ಬಣ್ಣ ಬಳಿದಿದ್ದಾರೆ ಅಷ್ಟೆ.

ನಮ್ಮೂರಿನ ಬೂತಿನಲ್ಲಿ ಮೊದಲಿಂದಲೂ ಹಾಲು ಮೂರು ಥರ. ಮುನಿಯಣ್ಣ ಅಂತ ಒಬ್ಬ ಇದ್ದ, ಮೂರು ಕ್ಯಾನು ಸಾಲಾಗಿಟ್ಟುಕೊಂಡು ಪಾವಿನಲ್ಲಿ ಅಳೆದು ಕೊಡುತ್ತಿದ್ದ. ಕೆನೆ ಪೂರ್ತಿ ಇರುವುದು ಕೆನೆಹಾಲು, ಅರ್ಧ ತೆಗೆದದ್ದು ಅರೆಗೆನೆ, ಪೂರ್ತಿ ತೆಗೆದದ್ದು ತಿಳಿಹಾಲು. ಒಲೆಯ ಮೇಲಿಟ್ಟು ಕಾಯಿಸುವಾಗ, ಅದನ್ನು ಕುಡಿಯುವವರು ಹತ್ತಿರ ನಿಂತಿದ್ದರೆ, ಆ ಅಡುಗೆಮನೆಯಲ್ಲಿ ಹಿಂದೆ ಎಂದೋ ಆಡಿದ ಮಾತು ಹಾಲಿನಿಂದ ಅವರ ಕಿವಿಗೆ ಮಾತ್ರ ಕೇಳುತ್ತದೆ. ಕೆನೆಹಾಲಿನಲ್ಲಿ ಮಾತೂ ಪೂರ್ತಿ, ದನಿಯೂ ಪೂರ್ತಿ. ಅರೆಗೆನೆಯಲ್ಲಿ ದನಿ ಸಿಗುತ್ತದೆ, ಮಾತು ಮಾತ್ರ ಗೋಡೆಯಾಚೆ ಯಾರೋ ಆಡಿದ ಹಾಗೆ. ತಿಳಿಹಾಲಿನಲ್ಲಿ ಬರೀ ಸುಯ್ ಅನ್ನುವ ಸದ್ದು. ಕುಡಿಯುವ ಮನಸ್ಸಿಲ್ಲದೆ ಕೇಳುವ ಚಪಲಕ್ಕೆ ಕಾಯಿಸಿದರೆ ಯಾವ ಹಾಲೂ ತುಟಿ ಬಿಚ್ಚುವುದಿಲ್ಲ. ಇದೆಲ್ಲ ಹೇಗೆ ಅಂತ ನಮ್ಮೂರಲ್ಲಿ ಯಾರೂ ಕೇಳಿದವರಲ್ಲ. ಬೆಳಗ್ಗೆ ಎದ್ದು ಹಾಲು ಕಾಯಿಸುವ ಹೊತ್ತಿನಲ್ಲಿ ಅಷ್ಟು ಪುರುಸೊತ್ತು ಯಾರಿಗಿರುತ್ತದೆ?

ಜನ ತಮ್ಮ ತಮ್ಮ ಅನುಕೂಲ ನೋಡಿಕೊಂಡಿದ್ದರು. ಬಾಡಿಗೆ ಮನೆ ನೋಡಲು ಬಂದವರು ನಲ್ಲಿಯಲ್ಲಿ ನೀರು ಬರುತ್ತದಾ ಅಂತ ಕೇಳುವ ಮೊದಲು ಒಂದು ಪಾವು ಕೆನೆಹಾಲು ತಂದು ಕಾಯಿಸಿ ಕುಡಿಯುತ್ತಿದ್ದರು; ಹಿಂದಿದ್ದವರು ಮನೆ ಮಾಲೀಕನಿಗೆ ಏನೇನು ಶಾಪ ಹಾಕಿ ಹೋಗಿದ್ದಾರೆ ಅನ್ನುವುದು ಅಲ್ಲೇ ಗೊತ್ತಾಗುತ್ತಿತ್ತು. ಗಂಡ ಹೆಂಡತಿಗೆ ಜಗಳ ಬಂದರೆ ಸೌಟು ಕೆಳಗಿಟ್ಟು ಹಿತ್ತಿಲಿಗೆ ಹೋಗಿ ಕಿತ್ತಾಡುತ್ತಿದ್ದರು. ಸಂಬಂಧ ಬೆಳೆಸುವವರು ಗಂಡಿನ ಮನೆಯದಾಗಲಿ ಹೆಣ್ಣಿನ ಮನೆಯದಾಗಲಿ, ಹಾಲು ಯಾವುದು ಅಂತ ಮುನಿಯಣ್ಣನ ಹತ್ತಿರ ಮೆಲ್ಲಗೆ ವಿಚಾರಿಸುತ್ತಿದ್ದರು. ಬರೀ ತಿಳಿಹಾಲಿನ ಮನೆ ಅಂದರೆ ಹಿರಿಯರು ಹುಬ್ಬು ಗಂಟಿಕ್ಕುತ್ತಿದ್ದರು.

ನನ್ನ ತವರು ಬರೀ ತಿಳಿಹಾಲಿನ ಮನೆ. ಮುಚ್ಚುಮರೆ ಯಾಕೆ, ನಮ್ಮಪ್ಪನ ಬಾಯಿ ಹೊಲಸು. ಹಿತ್ತಿಲಿಗೆ ಹೋಗುವಷ್ಟು ತಾಳ್ಮೆಯೂ ಅವರಿಗಿರಲಿಲ್ಲ, ಒಲೆ ಮುಂದೆಯೇ ಶುರು. "ಕೇಳಿದ್ದು ಒಂದು ಸಲ ಸಾಕು, ಹಾಲಲ್ಲಿ ಬೇರೆ ಕೇಳ್ಬೇಕಾ" ಅಂತ ಅಮ್ಮ ಕೆನೆಹಾಲಿನ ಕ್ಯಾನಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಾಗಾಗಿ ನನಗೆ ಬಂದ ಸಂಬಂಧವೆಲ್ಲ ಬೂತಿನವರೆಗೆ ಬಂದು ವಾಪಸ್ಸು ಹೋಗುತ್ತಿದ್ದವು. ನಾಗಲಮ್ಮ ಒಬ್ಬರೇ ಬೂತು ದಾಟಿ ಮನೆಗೆ ಬಂದರು. ಬಂದವರು ತಿಳಿಹಾಲಿನ ಕಾಫಿಯನ್ನೇ ಕುಡಿದು, ಲೋಟ ಕೆಳಗಿಟ್ಟು, "ಹುಡುಗಿ ಕಾಫಿ ಚೆನ್ನಾಗಿ ಮಾಡ್ತಾಳೆ. ನಮ್ಮ ಪರಮೇಶನಿಗೆ ಕೊಡಿ" ಅಂದುಬಿಟ್ಟರು. ಆ ಒಂದು ಮಾತಿಗೆ ನಾನು ಅವರಿಗೆ ಬದುಕಿರುವ ತನಕ ಋಣಿ.

ಗಂಡನ ಮನೆಯಲ್ಲಿ ಬೆಳಗ್ಗೆ ಒಲೆಗೆ ಮೂರು ಪಾತ್ರೆ ಏರುತ್ತಿದ್ದವು. ಅತ್ತೆಯದು ಕೆನೆಹಾಲು, ನಮ್ಮವರದು ಅರೆಗೆನೆ, ನನ್ನದು ತಿಳಿ. ನಮ್ಮ ಮಾವ ಮರಿಸ್ವಾಮಪ್ಪ ನಾನು ಬರುವುದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಬಸ್ಸು ಕೂಗುವ ಕೆಲಸ ಅವರದು. ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ, ಯಾವುದು ಹೊರಟಿತು, ಯಾವುದು ಕೆಟ್ಟು ನಿಂತಿದೆ, ದಿನವಿಡೀ ಅದೇ. ಮನೆಗೆ ಬಂದರೆ ಬಾಯಿಗೆ ಬೀಗ. "ನಮ್ಮಪ್ಪ ಇಡೀ ಊರಿನ ಜೊತೆ ಮಾತಾಡಿದ್ರು, ನನ್ನ ಜೊತೆ ಆಡಲಿಲ್ಲ. ಅವರ ದನಿ ಕೇಳಿದ್ರೆ ಸಾಕು, ಮಾತಂತೂ ಇರಲ್ಲ" ಅಂತ ನಮ್ಮವರು ಅರೆಗೆನೆ ಬಿಟ್ಟು ಕದಲಲಿಲ್ಲ.

ಅತ್ತೆಯ ಕಥೆ ಬೇರೆ. ಹಾಲಿಡುವ ಮೊದಲು ಮುಖ ತೊಳೆದು, ಸೆರಗು ಸರಿ ಮಾಡಿಕೊಂಡು, ಒಲೆಯ ಮುಂದೆ ನಿಂತರೆ ಅವರ ಮುಖ ನೋಡಬೇಕಿತ್ತು. ಮೊದಮೊದಲು ನಾನು ಕುತೂಹಲ ತಡೆಯಲಾರದೆ, "ಮಾವ ಏನಂದ್ರು ಅತ್ತೆ?" ಅಂತ ಕೇಳುತ್ತಿದ್ದೆ. "ಅದು ನಮ್ಮ ನಮ್ಮ ವಿಷಯ. ನಿನಗ್ಯಾಕೆ? ಹೋಗಿ ಅವರೆಕಾಯಿ ಬಿಡಿಸು" ಅಂತ ಗದರುತ್ತಿದ್ದರು, ಆದರೆ ಕೆನ್ನೆ ಕೆಂಪಾಗಿರುತ್ತಿತ್ತು. ಐವತ್ತೆಂಟರ ಹೆಂಗಸಿಗೆ ನಾಚಿಕೆ! ಸತ್ತ ಮೇಲೂ ಹೆಂಡತಿಯನ್ನು ಹೀಗೆ ನಾಚಿಸುವ ಗಂಡ ಅದೆಂಥ ಮಾತು ಆಡುತ್ತಿದ್ದಿರಬೇಕು ಅಂತ ನಾನು ಏನೇನೋ ಊಹಿಸಿಕೊಳ್ಳುತ್ತಿದ್ದೆ. ಹೊಟ್ಟೆಕಿಚ್ಚು ಅಂತಲೂ ಅನ್ನಿ.

ನಾಲ್ಕನೇ ವರ್ಷ ಅವರಿಗೆ ಎದೆನೋವು ಬಂತು. ಡಾಕ್ಟರು ಹೊರಗಿನಿಂದ ಬಂದ ಹೊಸಬರು. "ಬೆಣ್ಣೆ, ತುಪ್ಪ, ಕೆನೆಹಾಲು ಎಲ್ಲ ಬಂದ್" ಅಂತ ಬರೆದುಕೊಟ್ಟರು. ಅತ್ತೆ ಬೆಣ್ಣೆ ತುಪ್ಪದ ಮಾತೇ ಎತ್ತಲಿಲ್ಲ. "ಅರೆಗೆನೆ ಆಗಲ್ವಾ ಡಾಕ್ಟ್ರೇ?" ಅಂತ ತರಕಾರಿಯವಳ ಹತ್ತಿರ ಚೌಕಾಸಿ ಮಾಡುವ ಹಾಗೆ ಕೇಳಿದರು. ಡಾಕ್ಟರು ನಕ್ಕು, ಸ್ವಲ್ಪ ದಿನ ನೋಡೋಣ ಅಂದರು. ಸ್ವಲ್ಪ ದಿನ ಅಂದದ್ದು ಇಪ್ಪತ್ತೇ ದಿನ ನಡೆಯಿತು. ಎರಡನೇ ಸಲ ನೋವು ಬಂದಾಗ ಆಟೋದಲ್ಲಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಈ ಸಲ ಡಾಕ್ಟರು ನಗಲಿಲ್ಲ. "ಮೂರನೇ ಸಲ ಬಂದರೆ ನನ್ನ ಕೈಲೇನೂ ಇಲ್ಲ" ಅಂದರು.

ಮನೆಗೆ ಬಂದು ತಿಳಿಹಾಲು ಕಾಯಿಸಿ ಕುಡಿದ ಮೊದಲ ಬೆಳಗ್ಗೆ ಅತ್ತೆ ಖಾಲಿ ಲೋಟ ಹಿಡಿದು ತುಂಬ ಹೊತ್ತು ಕೂತಿದ್ದರು. "ಅವರು ಈಗ ಹೋದರು ಕಣೇ ಮಂಗಳಾ. ಆವಾಗ ಹೋಗಿರಲಿಲ್ಲ" ಅಂದರು. ಅಷ್ಟು ವರ್ಷದಲ್ಲಿ ನಾನು ಅವರ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಆಮೇಲೆ ಒಂದೊಂದೇ ಉಪಾಯ ನಡೆಯಿತು. ಕೆನೆಹಾಲು ಕಾಯಿಸಿ ಬೆಕ್ಕಿಗೆ ಹಾಕುತ್ತೇನೆ ಅಂದರು, ಹಾಲು ಸುಮ್ಮನಿತ್ತು. ಒಂದೇ ಚಮಚ ಕುಡಿಯುತ್ತೇನೆ ಅಂತ ಒಂದು ಪಾವು ಕಾಯಿಸಿದರು. ನೆವ ಹೇಳುವುದು ಹಾಲಿಗೂ ಗೊತ್ತಾಗುತ್ತದೆ, ಆಗಲೂ ಸುಮ್ಮನಿತ್ತು. ಊಟ ಕಡಿಮೆಯಾಯಿತು. ಬಸ್ ಸ್ಟ್ಯಾಂಡಿನ ಕಡೆಯಿಂದ ಗಾಳಿ ಬೀಸಿ ಮೈಕಿನ ಸದ್ದು ಕೇಳಿದರೆ ಕಿಟಕಿ ಹಾಕಿಕೊಳ್ಳುತ್ತಿದ್ದರು.

ಒಂದು ಭಾನುವಾರ ನಾನೇ ಹೇಳಿದೆ. "ಅತ್ತೆ, ನಿಮ್ಮ ಪಾಲಿನ ಕೆನೆಹಾಲು ನಾನು ಕುಡೀತೀನಿ. ಮಾವ ಏನಂದ್ರು ಅಂತ ನಿಮಗೆ ಬಂದು ಹೇಳ್ತೀನಿ."

ಅವರು ನನ್ನನ್ನೇ ದಿಟ್ಟಿಸಿದರು. "ನೀನು ತಿಳಿಹಾಲಿನವಳು ಕಣೇ. ಹೆದರಿಕೆ ಆಗಲ್ವಾ?"

"ಆಗುತ್ತೆ. ಆದ್ರೆ ಇದು ನಮ್ಮಪ್ಪನ ಅಡುಗೆಮನೆ ಅಲ್ವಲ್ಲ" ಅಂದೆ. ಧೈರ್ಯವಾಗಿ ಅಂದೆನೇ ಹೊರತು, ಮಾರನೆಯ ಬೆಳಗ್ಗೆ ಪಾತ್ರೆ ಒಲೆಗಿಟ್ಟಾಗ ಒಲೆ ಹಚ್ಚುವಷ್ಟರಲ್ಲಿ ಮೂರು ಕಡ್ಡಿ ಹಾಳಾದವು. ಬಾಯಿ ಹೊಲಸು ಗಂಡಸಿನ ದನಿಯೊಂದೇ ಅಡುಗೆಮನೆಯಲ್ಲಿ ನಾನು ಕೇಳಿ ಬೆಳೆದದ್ದು.

ಹಾಲು ಬಿಸಿಯಾಯಿತು. ಮೊದಲು ಕೇಳಿದ್ದು ಹೆಂಗಸಿನ ದನಿ. ನಮ್ಮತ್ತೆಯದೇ, ಆದರೆ ಹರೆಯದ್ದು. ಏನು ಮಾತು, ಏನು ಮಾತು! ಪಕ್ಕದ ಮನೆಯವಳು ಹುಳುಕು ಬದನೆಕಾಯಿ ಕೊಟ್ಟದ್ದು, ಅವಳ ನಾದಿನಿ ಹೊಸ ಸೀರೆಯ ಬೆಲೆ ಸುಳ್ಳು ಹೇಳಿದ್ದು, ಪರಮೇಶ ಸ್ಲೇಟು ಒಡೆದದ್ದು. ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲ. ನಾನು ಮಾವನ ಮಾತಿಗೆ ಕಾದೆ. ಹಾಲು ಅಂಚಿಗೆ ಬಂತು. ಆಗ ಬಾಗಿಲ ಕಡೆಯಿಂದ ಬಂದ ಹಾಗೆ ಒಂದು ಗಂಡಸಿನ ದನಿ, ಮೆತ್ತಗೆ, "ಹಾಲು ಉಕ್ಕುತ್ತೆ, ನಾಗೂ" ಅಂತು. ನಾನು ಒಲೆ ಆರಿಸಿದೆ. ಅಷ್ಟೇ. ಮುಗಿಯಿತು.

ಹೊರಗೆ ಜಗುಲಿಯಲ್ಲಿ ಅತ್ತೆ ಕಾಯುತ್ತಿದ್ದರು, ಮುಖ ತೊಳೆದು, ಸೆರಗು ಸರಿ ಮಾಡಿಕೊಂಡು. "ಏನಂದ್ರೇ?" ಅಂದರು.

ನನಗೆ ಅಯ್ಯೋ ಅನ್ನಿಸಿತು. ಇಷ್ಟು ಆಸೆಯಿಂದ ಕಾದವರ ಮುಂದೆ ಹಾಲು ಉಕ್ಕುತ್ತೆ ಅಂದರು ಅಂತ ಹೇಗೆ ಹೇಳುವುದು? ಇವತ್ತು ಮಾವ ಮಾತಾಡುವ ದಿನ ಅಲ್ಲವೇನೋ, ನಾಳೆ ಆಡಿಯಾರು ಅಂದುಕೊಂಡೆ. "ನಿನ್ನ ಕೈ ಸಾರು ಯಾರಿಗೂ ಬರಲ್ಲ ನಾಗೂ ಅಂದ್ರು" ಅಂತ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಅತ್ತೆ "ಹೌದಾ?" ಅಂದು ಎದ್ದು ಒಳಗೆ ಹೋದರು. ಮಾರನೆಯ ದಿನವೂ ಹಾಲಿನಲ್ಲಿ ಅತ್ತೆಯದೇ ಹರಟೆ, ಕೊನೆಗೆ ಹಾಲು ಉಕ್ಕುತ್ತೆ. ಅದರ ಮಾರನೆಯ ದಿನವೂ. ಹರಟೆ ದಿನಕ್ಕೊಂದು, ಮಾವನ ಮಾತು ಮಾತ್ರ ಅದೇ ಒಂದು. ನಾನು ದಿನಕ್ಕೊಂದು ಹೊಸ ಮಾತು ಹೊಸೆಯತೊಡಗಿದೆ. ಹಸಿರು ಸೀರೆ ನಿನಗೆ ಒಪ್ಪುತ್ತೆ ಅಂದರು, ಮುಂದಿನ ಜನ್ಮಕ್ಕೂ ನೀನೇ ಅಂದರು. ನನಗೆ ಯಾರಾದರೂ ಹೇಳಲಿ ಅಂತ ಆಸೆಪಟ್ಟ ಮಾತೆಲ್ಲ ಮಾವನ ಬಾಯಿಗೆ ತುರುಕಿದೆ. ಅತ್ತೆ ದಿನದಿಂದ ದಿನಕ್ಕೆ ಸಪ್ಪಗಾದರು. ನಾನು ಇನ್ನಷ್ಟು ಸಕ್ಕರೆ ಹಾಕಿದೆ.

ಹದಿನಾರನೇ ದಿನವೋ ಏನೋ, ಮಧ್ಯಾಹ್ನ ರಾಗಿ ಬೀಸಿಸಲು ಹೋದವಳು ಕರೆಂಟಿಲ್ಲ ಅಂತ ಬೇಗ ವಾಪಸ್ಸು ಬಂದೆ. ಅಡುಗೆಮನೆಯಲ್ಲಿ ಅತ್ತೆ! ಒಲೆಯ ಮೇಲೆ ಪಾತ್ರೆ, ಅದರ ಅಂಚಿಗೆ ದಪ್ಪ ಹಳದಿ ಕೆನೆ ಹತ್ತಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ನಾನು ಓಡಿಹೋಗಿ ಒಲೆ ಆರಿಸಿ, ಬರಿಗೈಯಲ್ಲೇ ಪಾತ್ರೆ ಎತ್ತಿ, ಬೆರಳು ಸುಟ್ಟುಕೊಂಡೆ.

"ಪ್ರಾಣ ಬೇಡ್ವಾ ಅತ್ತೆ ನಿಮಗೆ? ನಿಮಗೋಸ್ಕರ ನಾನು ದಿನಾ ಕುಡೀತಿಲ್ವಾ? ದಿನಾ ಬಂದು ಹೇಳ್ತಿಲ್ವಾ?" ಅಂತ ಕೂಗಿದೆ. ಹಿತ್ತಿಲಿಗೆ ಹೋಗಬೇಕು ಅನ್ನುವುದೂ ನೆನಪಾಗಲಿಲ್ಲ.

"ಹಾಲಿಗೆ ನೀರು ಬೆರೆಸಿ ಕೊಡ್ತಿದೀಯಲ್ಲೇ" ಅಂದರು ಅತ್ತೆ. "ಹಸಿರು ಸೀರೆಯಂತೆ, ಮುಂದಿನ ಜನ್ಮವಂತೆ! ಮೂವತ್ತೆಂಟು ವರ್ಷ ಬಾಳಿದೀನಿ ಕಣೇ ಆ ಮನುಷ್ಯನ ಜೊತೆ. ಅವರು ಒಂದು ದಿನ ಅಂಥ ಮಾತಾಡಿದವರಲ್ಲ. ಯಾರೋ ಬೇರೆ ಗಂಡಸಿನ ಮಾತು ತಂದು ದಿನಾ ಬೆಳಗ್ಗೆ ನನ್ನ ಕಿವಿಗೆ ಹಾಕ್ತೀಯಲ್ಲ, ನನ್ನವರೆಲ್ಲಿ?"

ನನಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸುಟ್ಟ ಬೆರಳು ಬಾಯಲ್ಲಿಟ್ಟುಕೊಂಡು ಅಳುತ್ತಾ, "ಅವರು ಏನೂ ಹೇಳಲ್ಲ ಅತ್ತೆ. ಹಾಲು ಉಕ್ಕುತ್ತೆ, ನಾಗೂ ಅಂತಾರೆ. ದಿನಾ ಅದೊಂದೇ. ನಿಮಗೆ ಬೇಜಾರಾಗುತ್ತೆ ಅಂತ…" ಅಂದೆ.

ಅತ್ತೆ ನೆಲದ ಮೇಲೆ ಕೂತರು. ನನಗೆ ಎದೆ ಧಸಕ್ಕೆಂದಿತು, ಮತ್ತೆ ನೋವು ಬಂತೋ ಅಂತ. ನೋಡಿದರೆ ನಗುತ್ತಿದ್ದಾರೆ! ಕಣ್ಣಲ್ಲಿ ನೀರು ಸುರಿಯುತ್ತಿದೆ, ನಗುತ್ತಿದ್ದಾರೆ. "ಅದೇ ಕಣೇ, ಅದೇ! ಇನ್ನೊಂದು ಸಲ ಹೇಳು. ಹೇಗಂದ್ರು? ಮೆತ್ತಗೆ ತಾನೇ? ಬಾಗಿಲ ಹತ್ತಿರದಿಂದ ತಾನೇ?"

"ಹೌದು, ಬಾಗಿಲ ಹತ್ತಿರದಿಂದ."

"ಬೆಳಗ್ಗೆ ಐದು ಗಂಟೆಗೆ ಬಸ್ ಸ್ಟ್ಯಾಂಡಿಗೆ ಹೋಗೋರು. ಹೋಗೋ ಮುಂಚೆ ಬಂದು ಬಾಗಿಲಿಗೆ ಒರಗಿ ನಿಂತ್ಕೊಳ್ಳೋರು. ನಾನು ಹಾಲಿಟ್ಟು ಹರಟೆ ಶುರು ಮಾಡಿದ್ರೆ ನನಗೆ ಮೈಮೇಲೆ ಪ್ರಜ್ಞೆ ಇರಲ್ಲ. ಅವರು ಒಂದು ಮಾತು ತಡೆಯದೆ ಕೇಳೋರು. ಸಾಕು ಮುಚ್ಚೇ ಬಾಯಿ ಅಂತ ಒಂದು ದಿನ ಅನ್ನಲಿಲ್ಲ ಕಣೇ. ನಾನು ಮಾತಾಡಿ ಮುಗಿಸೋ ತನಕ ಹಾಲು ನೋಡ್ಕೊಳ್ಳೋರು, ಅಷ್ಟೆ. ಇಡೀ ಊರಿಗೆ ಕೂಗಿ ಕೂಗಿ ಸಾಕಾದ ಮನುಷ್ಯ ನಿಂತು ಕೇಳೋದು ಅಂದ್ರೆ ಕಮ್ಮಿಯಾ?"

ನಾನು ನಮ್ಮಮ್ಮನನ್ನು ನೆನೆದುಕೊಂಡೆ, ಬಾಯಿ ಮುಚ್ಚಿಕೊಂಡು ರೊಟ್ಟಿ ತಟ್ಟುತ್ತಿದ್ದ ನಮ್ಮಮ್ಮನನ್ನು. ಕಮ್ಮಿಯಲ್ಲ ಅಂದೆ. ಬದನೆಕಾಯಿ, ಸ್ಲೇಟು, ನಾದಿನಿಯ ಸೀರೆ, ನಾನು ಹದಿನೈದು ದಿನ ಲೆಕ್ಕಕ್ಕೇ ಹಿಡಿಯದೆ ಬಿಟ್ಟಿದ್ದ ಹರಟೆಯನ್ನೆಲ್ಲ ಅವತ್ತು ಕೂತು ಹೇಳಿದೆ. ಅತ್ತೆ ಒಂದೊಂದಕ್ಕೂ ಹೂಂಗುಟ್ಟಿ, "ಆಮೇಲೆ? ಆಮೇಲೆ?" ಅಂದರು. ಅವತ್ತು ರಾತ್ರಿ ಎರಡು ಮುದ್ದೆ ಉಂಡರು.

ಅಲ್ಲಿಂದ ಆರು ವರ್ಷ, ಒಂದು ದಿನವೂ ತಪ್ಪದೆ, ನಾನು ಅವರ ಪಾಲಿನ ಹಾಲು ಕುಡಿದೆ. ಮಳೆ ಇರಲಿ, ಜ್ವರ ಇರಲಿ, ಒಲೆ ಆರಿದ ಕೂಡಲೇ ಅತ್ತೆ ಅಡುಗೆಮನೆಗೆ ಬಂದು ಅದೇ ಮಾತು, "ಏನಂದ್ರೇ?" "ಹಾಲು ಉಕ್ಕುತ್ತೆ ನಾಗೂ ಅಂದ್ರು ಅತ್ತೆ." ಅದಕ್ಕೆ ಅವರದೊಂದು ನಗು. ಆಮೇಲೆ ಇಬ್ಬರೂ ತಿಂಡಿ ಕೆಲಸಕ್ಕೆ. ಏಳನೇ ವರ್ಷ, ಸಂಕ್ರಾಂತಿಗೆ ಎಳ್ಳು ಹುರಿದಿಟ್ಟು ಮಲಗಿದವರು ಏಳಲಿಲ್ಲ. ಮೂರನೇ ನೋವು ಬರಲೇ ಇಲ್ಲ, ಡಾಕ್ಟರು ಹೆದರಿಸಿದ್ದು ಅದೊಂದು ಸುಳ್ಳಾಯಿತು.

ಹಾಲಿನಲ್ಲಿ ಹೊಸ ಮಾತು ಬರುವುದಿಲ್ಲ, ಸ್ವಲ್ಪ ಹಳತಾಗಬೇಕು. ಅವರು ಹೋದ ಮೇಲೆ ನಾಲ್ಕು ವರ್ಷ ನಾನು ಸುಮ್ಮನೆ ಅಭ್ಯಾಸಕ್ಕೆ ಕೆನೆಹಾಲು ಕುಡಿಯುತ್ತಿದ್ದೆ. ಒಂದು ದಿನ ಹಾಲು ಬಿಸಿಯಾಗುತ್ತಿದ್ದ ಹಾಗೆ, "ಏನಂದ್ರೇ?" ಅಂತು. ನಾನು ಸೌಟು ಕೈಬಿಟ್ಟೆ. ಆಮೇಲೆ ನನ್ನದೇ ದನಿ, ಎಳೆಯದು, "ಹಾಲು ಉಕ್ಕುತ್ತೆ ನಾಗೂ ಅಂದ್ರು ಅತ್ತೆ." ಆಮೇಲೆ ಆ ನಗು. ಇಷ್ಟು ವರ್ಷ ಬೆಳಗಾದರೆ ನನಗೆ ಆ ನಗು ಬೇಕು. ಮುನಿಯಣ್ಣ ಹೋದ, ಪಾವು ಹೋಗಿ ಪ್ಯಾಕೆಟ್ಟು ಬಂತು, ನಾನು ಕೆನೆಹಾಲು ಬಿಡಲಿಲ್ಲ. ಈಗ ಡಾಕ್ಟರಮ್ಮ ಬಿಡು ಅನ್ನುತ್ತಾರೆ. ಮಂಗಳವಾರ, ಬುಧವಾರ ಎರಡು ದಿನ ತಿಳಿಹಾಲು ಕಾಯಿಸಿದೆ. ಸುಯ್ ಅಂತು. ಖಾಲಿ ಲೋಟ ಹಿಡಿದು ನಾನೂ ಅತ್ತೆ ಕೂತಲ್ಲೇ ಕೂತೆ. ಅವರು ಈಗ ಹೋದರು ಅನ್ನಿಸಿತು.

ಗುರುವಾರ ಬೆಳಗ್ಗೆ ನಮ್ಮವರು ನನಗೆ ಹೇಳದೆ ಬೂತಿಗೆ ಹೋಗಿ ಬಂದರು. ಕೈಯಲ್ಲಿ ಎರಡು ಪ್ಯಾಕೆಟ್ಟು, ಒಂದು ತಿಳಿ, ಒಂದು ಕೆನೆ. ನಾನು ಕಂಡಾಗಿನಿಂದ ಅರೆಗೆನೆ ಬಿಟ್ಟು ಬೇರೆ ಮುಟ್ಟದ ಮನುಷ್ಯ! "ಕೆನೆ ಯಾರಿಗ್ರೀ?" ಅಂದೆ.

"ನನಗೆ. ನನ್ನ ಮೈಯಲ್ಲಿ ಕೊಬ್ಬೆಲ್ಲಿದೆ, ಕಡ್ಡಿ ಇದ್ದ ಹಾಗಿದೀನಿ. ಅಮ್ಮನಿಗೋಸ್ಕರ ನೀನು ಕುಡಿದೆ. ನಿನಗೋಸ್ಕರ ನಾನು ಕುಡೀತೀನಿ" ಅಂದರು. ನನ್ನ ಮುಖ ನೋಡದೆ, ಪ್ಯಾಕೆಟ್ಟಿನ ಮೂಲೆ ಹಲ್ಲಲ್ಲಿ ಕಚ್ಚಿ ಹರಿಯುತ್ತ ಅಂದರು. ಮದುವೆಯಾಗಿ ಮೂವತ್ತನಾಲ್ಕು ವರ್ಷಕ್ಕೆ ಆ ಮಾತು ಆಡಿದರು ಪುಣ್ಯಾತ್ಮ.

ಪಾತ್ರೆ ಒಲೆಗಿಟ್ಟು ಪೆದ್ದನ ಹಾಗೆ ನಿಂತರು. ನಾನು ಬಾಗಿಲಿಗೆ ಬಂದು ನಿಂತೆ. ಸ್ವಲ್ಪ ಹೊತ್ತಿಗೆ ಅವರ ಕತ್ತು ಒಂದು ಕಡೆ ವಾಲಿತು. "ಅಮ್ಮ ಕಣೇ" ಅಂದರು, "ಎಷ್ಟು ಮಾತಾಡ್ತಾಳೆ! ನನ್ನ ಸ್ಲೇಟಿನ ವಿಷ್ಯ ಹೇಳ್ತಿದಾಳೆ… ಅಪ್ಪ ಅಲ್ಲೇ ಇದಾರೆ ಅನ್ಸುತ್ತೆ, ಅವರಿಗೇ ಹೇಳ್ತಿದಾಳೆ." ಬಾಯಿ ಅರ್ಧ ತೆರೆದು, ನರೆತ ತಲೆಯ ಆ ಮನುಷ್ಯ ಸ್ಲೇಟು ಒಡೆದ ಹುಡುಗನೇ ಆಗಿಬಿಟ್ಟಿದ್ದರು. ಅವರ ಹಿಂದೆ ಹಾಲು ಅಂಚಿಗೆ ಬರುವುದು ನನಗೆ ಕಾಣುತ್ತಿತ್ತು.

"ಹಾಲು ಉಕ್ಕುತ್ತೆ, ನೋಡ್ರೀ" ಅಂದೆ.

ಅವರು ಬೆಚ್ಚಿ ಒಲೆ ಆರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪನೂ ಅದನ್ನೇ ಅಂದ್ರು ಕಣೇ. ನಿನ್ನ ಜೊತೆಜೊತೆಗೇ" ಅಂದರು.

"ಇನ್ನೇನಂದ್ರು?"

"ಅಷ್ಟೇ" ಅಂದು ತೋಳಿನಿಂದ ಮೂಗು ಒರೆಸಿಕೊಂಡು, ಕೆನೆಹಾಲನ್ನು ಲೋಟಕ್ಕೆ ಬಗ್ಗಿಸಿಕೊಂಡರು. ನಾನು ನನ್ನ ತಿಳಿಹಾಲನ್ನು ಒಲೆಗಿಟ್ಟೆ. ಅವರು ಲೋಟ ಹಿಡಿದುಕೊಂಡು ಎಂದಿನ ಹಾಗೆ ಜಗುಲಿಗೆ ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ನಾನು ನಿಂತಿದ್ದ ಜಾಗದಲ್ಲೇ ಬಾಗಿಲಿಗೆ ಒರಗಿ ನಿಂತರು. ಹಾಲು ಸುಯ್ ಅನ್ನತೊಡಗಿತು. ನಾನು ಅವರಿಗೆ ಹಿಂದಿನ ಬೀದಿಯ ನುಗ್ಗೆಕಾಯಿ ಮರದ ಜಗಳದ ಕಥೆ ಹೇಳಲು ಶುರು ಮಾಡಿದೆ.